ಹೆಂಕಾ ಅಸಗಾವೊ ಬೀಜದ ಪೊಟ್ಟಣ: ಕೊಟ್ಟ ದುಡ್ಡಿಗೆ ಸಿಗುವುದೇನು?

ಆನ್‌ಲೈನ್ ಅಂಗಡಿಯಲ್ಲಿ 'ಅಪರೂಪದ ಜಪಾನಿ ಮಾರ್ನಿಂಗ್ ಗ್ಲೋರಿ' ಎಂದು ಹುಡುಕಿದರೆ ಮೂರು ತರಹದ ಪೊಟ್ಟಣ ಎದುರಾಗುತ್ತವೆ. ಮಾರ್ನಿಂಗ್ ಗ್ಲೋರಿ ಅಂದರೆ ಬೆಳಿಗ್ಗೆ ಅರಳುವ ಬಳ್ಳಿಹೂ, ಜಪಾನಿನವರ ಬಾಯಲ್ಲಿ ಅಸಗಾವೊ. ಅದರಲ್ಲಿ ಎಲೆ, ಹೂವಿನ ರೂಪವೇ ಬದಲಾದದ್ದು ಹೆಂಕಾ. ಮೊದಲನೆಯದು ಅಗ್ಗ, ಫೋಟೊ ಮಾತ್ರ ಭರ್ಜರಿ: ಒಂದೇ ಹೂವಿನಲ್ಲಿ ಕಾಮನಬಿಲ್ಲು, ಅರಿಸಿನದ ಹಳದಿ, ಇದ್ದಿಲಿನ ಕಪ್ಪು. ಎರಡನೆಯದು ಹೆಸರುಳ್ಳ ದೊಡ್ಡ ಹೂವಿನ ತಳಿಗಳದು. ಮೂರನೆಯದರ ಮೇಲೆ ಫೋಟೊ ಇದ್ದರೂ ಅಂಚೆಚೀಟಿಯಷ್ಟು. ಅದರ ಪಕ್ಕದಲ್ಲಿ 'ಒಯಾಕಿ, 4ರಲ್ಲಿ 1' ಎಂಬಂಥ ಒಂದು ಸಾಲು: ತಾಯಿಗಿಡದ ಬೀಜ, ನಾಲ್ಕರಲ್ಲಿ ಒಂದು ವಿಚಿತ್ರ ಗಿಡ ಎಂದರ್ಥ. ದುಡ್ಡು ಹಾಕಬೇಕಾದ್ದು ಆ ಸಾಲಿನ ಮೇಲೆ. ಅದಿಲ್ಲದ ಪೊಟ್ಟಣ ಬರೀ ಲಾಟರಿ. ಅದಿರುವ ಪೊಟ್ಟಣವೂ ಲಾಟರಿಯೇ, ಆದರೆ ಎಷ್ಟು ಟಿಕೆಟಿಗೆ ಎಷ್ಟು ಬಹುಮಾನ ಅಂತ ಮೊದಲೇ ಬರೆದುಕೊಟ್ಟ ಲಾಟರಿ.

ಅಗ್ಗದ್ದನ್ನು ಬೇಗ ಮುಗಿಸಿಬಿಡೋಣ. ಜಪಾನಿನ ಅಸಗಾವೊ ಅಂದರೆ ಐಪೋಮಿಯ ನಿಲ್. ನಮ್ಮ ನಾಟಿ ವೈದ್ಯರು ಭೇದಿಗೆ ಕೊಡುತ್ತಿದ್ದ ಕೃಷ್ಣಬೀಜದ ಗಿಡವೂ ಇದೇ. ಇದರಲ್ಲಿ ಕೆನೆ ಬಣ್ಣದ ಹೂ ಉಂಟು, ಅಚ್ಚ ಹಳದಿ ಇಲ್ಲ. 2014ರಲ್ಲಿ ಜಪಾನಿನ ಸಂಶೋಧಕರು ಹಳದಿ ಹೂ ಅರಳಿಸಿ ತೋರಿಸಿದ್ದು ಸ್ನಾಪ್‌ಡ್ರ್ಯಾಗನ್ ಗಿಡದ ಜೀನ್ ಸೇರಿಸಿ. ಅದು ಪ್ರಯೋಗಾಲಯದ ಗಿಡ, ಪೊಟ್ಟಣದ್ದಲ್ಲ. ಹಾಗಾಗಿ ಹಳದಿ ಫೋಟೊ ಕಂಡ ಕೂಡಲೇ ಆ ಪುಟ ಮುಚ್ಚಬಹುದು. ಇಂಥ ಪೊಟ್ಟಣದಲ್ಲಿ ಸಾಮಾನ್ಯವಾಗಿ ಮೊಳೆಯುವುದು ಐಪೋಮಿಯ ಪರ್ಪ್ಯೂರಿಯ: ಹೃದಯದಾಕಾರದ ಎಲೆ, ನೇರಳೆ ಇಲ್ಲವೇ ಗುಲಾಬಿ ಹೂ. ಬೇಲಿಗೆ ಒಳ್ಳೆಯ ಬಳ್ಳಿಯೇ, ಆದರೆ ಕೇಳಿದ್ದು ಅದನ್ನಲ್ಲ. ಮೋಸ ಹೋದದ್ದು ಖಾತ್ರಿ ಮಾಡಿಕೊಳ್ಳಲು ಹೂವಿನ ಬುಡದ ಹಸಿರು ಪುಷ್ಪಪತ್ರ ನೋಡಿ. ನಿಲ್‌ನದು ಉದ್ದ, ಸೂಜಿಯಂತೆ ಮೊನಚಾದ ತುದಿ, ಬುಡದಲ್ಲಿ ಒರಟು ರೋಮ. ಎಲೆ ಹೆಚ್ಚಾಗಿ ಮೂರು ಹಾಲೆ. ಇನ್ನೊಂದು ಜಾತಿ, 'ಹೆವೆನ್ಲಿ ಬ್ಲೂ' ತಳಿ ಇರುವ ಐಪೋಮಿಯ ಟ್ರೈಕಲರ್‌ನದು ಗಿಡ್ಡ, ನುಣುಪು. ಕಾಯಿ ಬಿಟ್ಟ ಮೇಲೆ ಇನ್ನೂ ಸುಲಭ: ಟ್ರೈಕಲರ್ ಕಾಯಲ್ಲಿ ಎರಡು ಕೋಣೆ, ನಾಲ್ಕು ಬೀಜ, ನಿಲ್‌ನಲ್ಲಿ ಮೂರು ಕೋಣೆ, ಆರು ಬೀಜ.

ಎರಡನೆಯ ಬಗೆ, ಅಂದರೆ ದೊಡ್ಡ ಹೂವಿನ ತಳಿಗಳ ಬಗ್ಗೆ ದೂರು ಕಡಿಮೆ. ಇವು ಸ್ವಕೀಯ ಪರಾಗಸ್ಪರ್ಶದ ಗಿಡಗಳಾದ್ದರಿಂದ ತಳಿ ಶುದ್ಧವಿದ್ದರೆ ಪೊಟ್ಟಣದ ಮೇಲಿನ ಹೂವೇ ಕುಂಡದಲ್ಲೂ ಬರುತ್ತದೆ. ಜಪಾನಿನ ಕಾಬೂಕಿ ನಾಟಕದ ನಟನ ಹೆಸರು ಹೊತ್ತ 'ದಾಂಜೂರೊ'ದ ಕಂದು ಬಣ್ಣ ಫೋಟೊದಲ್ಲಿ ಮಂಕಾಗಿ ಕಂಡರೂ ಕಣ್ಣೆದುರು ಬೇರೆಯೇ: ಚೆನ್ನಾಗಿ ಕಾಸಿದ ಬೆಲ್ಲದ ಪಾಕಕ್ಕೆ ಒಂದು ಚಮಚ ಹಾಲು ಬಿದ್ದಂತೆ. 20 ಸೆಂ.ಮೀ. ಅಗಲದ ಹೂ ಬೇಕಾದರೆ ಒಂದು ಕುಂಡಕ್ಕೆ ಒಂದೇ ಗಿಡ, ಒಂದು ಬಳ್ಳಿಗೆ ಒಂದು ಹೊತ್ತಿಗೆ ಒಂದೆರಡು ಮೊಗ್ಗು. ಹೊಸದಾಗಿ ಶುರುಮಾಡುವವರು ಇಲ್ಲಿಂದ ಶುರುಮಾಡಲಿ.

ಈಗ ಮೂರನೆಯದು. ಹೆಂಕಾ ಅಂದರೆ ರೂಪ ಬದಲಿಸಿದ್ದು. ಎದೋ ನಗರದಲ್ಲಿ, ಅಂದರೆ ಇಂದಿನ ಟೋಕಿಯೊದಲ್ಲಿ, 1804ರಿಂದ 1830ರ ನಡುವೆ ಒಮ್ಮೆ, 1848ರಿಂದ 1860ರ ನಡುವೆ ಇನ್ನೊಮ್ಮೆ ಈ ಗಿಡದ ಹುಚ್ಚು ಏರಿತ್ತು. ಸೀಳಿದ ಎಸಳು, ನೂಲಿನಂಥ ಎಲೆ, ಹೂವಿನೊಳಗೆ ಹೂ: ವಿಚಿತ್ರವಾದಷ್ಟೂ ಬೆಲೆ. ಈ ವಿಚಿತ್ರಗಳಿಗೆ ಬಹುಪಾಲು ಕಾರಣ ಟಿಪಿಎನ್1 ಗುಂಪಿನ ಜಿಗಿಯುವ ಜೀನ್‌ಗಳು. ಇವು ಒಂದು ಜಾಗದಿಂದ ಎದ್ದು ಇನ್ನೊಂದು ಜೀನ್‌ನ ನಡುವೆ ಕೂತುಬಿಡುತ್ತವೆ, ಆ ಜೀನ್ ಕೆಲಸ ನಿಲ್ಲಿಸುತ್ತದೆ. ಗಿಡದ ಪೂರ್ತಿ ಜೀನೋಮ್ 2016ರಲ್ಲಿ ಪ್ರಕಟವಾಗಿದೆ. ಕ್ಯೂಷೂ ವಿಶ್ವವಿದ್ಯಾಲಯ ಹಳೆಯ ರೂಪಾಂತರಗಳ ಬೀಜ ಸಂಗ್ರಹವನ್ನೇ ಕಾಪಾಡಿಕೊಂಡು ಬಂದಿದೆ.

ಕೊಳ್ಳುವವರಿಗೆ ಮುಖ್ಯವಾದ ಮಾತು ಇಷ್ಟು: ತೀರಾ ಚೆಂದದ ರೂಪಗಳು ಬೀಜ ಕಟ್ಟುವುದಿಲ್ಲ. 'ಬೋತಾನ್' ಎಂಬ ಸುತ್ತುಹೂ ತೆಗೆದುಕೊಳ್ಳಿ. ಕೇಸರ ಮಾಡುವ ಜೀನ್ ಕೆಟ್ಟು, ಕೇಸರಗಳೆಲ್ಲ ಎಸಳಾಗಿವೆ. ಪರಾಗವೂ ಇಲ್ಲ, ಶಲಾಕೆಯೂ ಇಲ್ಲ. ಬೀಜ ಬರುವುದಾದರೂ ಎಲ್ಲಿಂದ? ಅದರ ಒಡಹುಟ್ಟಿದ ಸಾದಾ ಗಿಡಗಳಿಂದ. ನೋಡಲು ಮಾಮೂಲಿ, ಒಳಗೆ ಆ ಗುಣದ ಒಂದು ಪ್ರತಿ ಹೊತ್ತ ಗಿಡ. ಗುಣ ಹೊರಗೆ ಕಾಣಬೇಕಾದರೆ ಎರಡು ಪ್ರತಿ ಸೇರಬೇಕು. ಅದೇ ಒಯಾಕಿ, ತಾಯಿಗಿಡ. ಅದರಿಂದ ಹೊರಬೀಳುವ ವಿಚಿತ್ರ ಗಿಡಕ್ಕೆ ದೆಮೊನೊ ಎನ್ನುತ್ತಾರೆ. ತಾನೇ ಬೀಜ ಕಟ್ಟಿ ತನ್ನಂಥದ್ದನ್ನೇ ಕೊಡುವ ಸರಳ ರೂಪಾಂತರ ಮಸಾಕಿ. ಮೆಂಡೆಲ್ ಬಟಾಣಿಯ ಲೆಕ್ಕವನ್ನು ಅಚ್ಚಿಗೆ ಕೊಟ್ಟದ್ದು 1866ರಲ್ಲಿ. ಎದೋದ ಹೂಗಾರರು ಅದಕ್ಕೂ ಮೊದಲೇ ಒಡಹುಟ್ಟಿದ ಸಾದಾ ಗಿಡಗಳ ಬೀಜದಿಂದ ಈ ವಿಚಿತ್ರಗಳನ್ನು ಉಳಿಸಿಕೊಂಡು ಬಂದಿದ್ದರು.

ಆದ್ದರಿಂದ ಒಂದು ಗುಣದ ಒಯಾಕಿ ಬೀಜ ಬಿತ್ತಿದರೆ 4ಕ್ಕೆ 1 ದೆಮೊನೊ. ಎರಡು ಗುಣ ಒಟ್ಟಿಗೆ ಬೇಕಾದರೆ 16ಕ್ಕೆ 1, ಮೂರಕ್ಕೆ 64ಕ್ಕೆ 1. ಇದು ಸರಾಸರಿ ಮಾತ್ರ. ನೂರಕ್ಕೆ 95 ಪಾಲು ಖಾತ್ರಿಯಾಗಿ ಒಂದಾದರೂ ಸಿಗಬೇಕೆಂದರೆ ಮೊಳೆತ ಸಸಿಗಳು ಕ್ರಮವಾಗಿ 11, 47, 191 ಇರಬೇಕು. ಈ ಮೂರು ಅಂಕಿ ಇಟ್ಟುಕೊಂಡು ಪೊಟ್ಟಣ ಅಳೆಯಿರಿ. ಒಂದು ಗುಣದ ಒಯಾಕಿ, 20 ಬೀಜ: ಧಾರಾಳ. ಅದೇ 5 ಬೀಜ: ನಾಲ್ಕರಲ್ಲಿ ಸುಮಾರು ಒಬ್ಬ ಗಿರಾಕಿ ಬರಿಗೈ. ಎರಡು ಗುಣದ್ದು 20 ಬೀಜ: ನೂರರಲ್ಲಿ 27 ಜನರಿಗೆ ಏನೂ ಸಿಗದು, ಮಾರಿದವನ ತಪ್ಪೂ ಇರದು. 'ಬೀಜ ಕೆಟ್ಟಿತ್ತು' ಅಂತ ಒಂದು ನಕ್ಷತ್ರ ಕೊಡುವ ಮೊದಲು ಈ ಲೆಕ್ಕ ಹಾಕುವುದು ನ್ಯಾಯ.

ಮಾರುವವರ ತಪ್ಪು ಇರುವುದು ಬೇರೆ ಕಡೆ. ಒಂದೇ ಗಿಡದಿಂದ ತೆಗೆದ ಬೀಜವೋ, ಹಲವು ಸಾದಾ ಗಿಡಗಳಿಂದ ಸುರಿದು ಬೆರೆಸಿದ್ದೋ ಎಂದು ಬರೆಯದಿರುವುದು. ಸಾದಾ ಕಾಣುವ ಒಡಹುಟ್ಟುಗಳಲ್ಲಿ ಮೂರಕ್ಕೆ ಎರಡು ಮಾತ್ರ ಗುಣ ಹೊತ್ತಿರುತ್ತವೆ, ಉಳಿದೊಂದು ಖಾಲಿ. ಬೆರೆಸಿದ ಪೊಟ್ಟಣದಲ್ಲಿ 4ಕ್ಕೆ 1 ಎಂಬುದು 6ಕ್ಕೆ 1ಕ್ಕೆ ಇಳಿಯುತ್ತದೆ. 'ಒಂದೇ ಗಿಡದ ಬೀಜ, ಹಿಂದಿನ ಬಿತ್ತನೆಯಲ್ಲಿ ದೆಮೊನೊ ಬಂದಿದೆ' ಎಂದು ಬರೆದುಕೊಡುವವರಿಗೆ ಎರಡು ಪಟ್ಟು ಬೆಲೆ ಕೊಟ್ಟರೂ ನಷ್ಟವಿಲ್ಲ.

ಜಪಾನಿ ಪೊಟ್ಟಣದ ಮೇಲಿನ ಉದ್ದುದ್ದ ಹೆಸರು ಮಂತ್ರದಂತೆ ಕಂಡರೂ ಅದು ಗಿಡದ ವಿಳಾಸ. 'ಬಾ' ಎಂದು ಮುಗಿಯುವ ತುಂಡಿನವರೆಗೆ ಎಲೆಯ ವಿವರ, ಅಲ್ಲಿಂದ 'ಝಾಕಿ'ವರೆಗೆ ಹೂವಿನ ವಿವರ, ಕೊನೆಗೆ 'ಬೋತಾನ್' ಇದ್ದರೆ ಸುತ್ತುಹೂ. ಮೊದಲಕ್ಷರ 'ಆವೊ' ಇದ್ದರೆ ಹಸಿರೆಲೆ, 'ಕಿ' ಇದ್ದರೆ ಹಳದಿ ಛಾಯೆಯ ಎಲೆ, 'ಫುಯಿರಿ' ಅಂದರೆ ಬಿಳಿ ಮಚ್ಚೆ. 'ಯಾನಾಗಿ' ನೀರಂಜಿ ಎಲೆಯಂಥ ಸಪೂರ ಎಲೆ, 'ಷಿಷಿ' ಮುರುಟಿ ಸುತ್ತಿಕೊಂಡ ಎಲೆ. ಷಿಷಿ ಎಲೆಯೂ ಬೋತಾನ್ ಹೂವೂ ಸೇರಿದ ಗಿಡ ಒಮ್ಮೆ ಅರಳಿದರೆ ಇಷ್ಟೆಲ್ಲ ಲೆಕ್ಕ ಯಾಕೆಂದು ಅರ್ಥವಾಗುತ್ತದೆ. ತುತ್ತೂರಿಯ ಆಕಾರವೇ ಇಲ್ಲ. ಎಸಳು ಸೀಳಿ, ಒಂದೊಂದು ಸೀಳೂ ಕೊಳವೆಯಾಗಿ ಸುತ್ತಿಕೊಂಡು, ತುದಿಯಲ್ಲಿ ಮಾತ್ರ ಹೊರಕ್ಕೆ ಮಗುಚಿರುತ್ತದೆ. ಬೆಳಗಿನ ಆರಕ್ಕೆ ನೋಡಿದರೆ ಬಳ್ಳಿಯಲ್ಲಿ ಯಾರೋ ಸೆರಗಿನ ಗೊಂಡೆ ಕಟ್ಟಿ ಹೋದಂತೆ.

ಬಿತ್ತನೆ. ಬೀಜದ ಸಿಪ್ಪೆ ಕಲ್ಲು. ಬೀಜದ ದುಂಡು ಬೆನ್ನಿನ ಮೇಲೆ ಉಗುರು ಕತ್ತರಿಯಿಂದ ಒಳಗಿನ ಬಿಳಿ ಕಾಣುವಷ್ಟೇ ಒಂದು ಚಿಕ್ಕ ಕಚ್ಚು. ಹೊಕ್ಕುಳಿನಂತೆ ತಗ್ಗಿರುವ ಕಡೆ ಮುಟ್ಟಬೇಡಿ, ಎಳೆಬೇರು ಅಲ್ಲಿದೆ. ಕಚ್ಚು ಹಾಕಿದ್ದನ್ನು ರಾತ್ರಿ ನೀರಿನಲ್ಲಿಟ್ಟು ಬೆಳಿಗ್ಗೆ ನೋಡಿದರೆ ಊದಿರುತ್ತದೆ. ಊದಿದ್ದನ್ನು ತಕ್ಷಣ ಬಿತ್ತಿ, ಊದದ್ದಕ್ಕೆ ಇನ್ನೊಂದು ಕಚ್ಚು. ಎರಡನೆಯ ರಾತ್ರಿಯೂ ನೀರಿನಲ್ಲೇ ಬಿಟ್ಟರೆ ಉಸಿರುಕಟ್ಟಿ ಕೊಳೆಯುತ್ತದೆ. ಬೀಜ ಸತ್ತಿತ್ತು ಎಂಬ ದೂರುಗಳಲ್ಲಿ ದೊಡ್ಡ ಪಾಲು ಈ ಎರಡನೆಯ ರಾತ್ರಿಯದು. ಆಳ ಒಂದರಿಂದ ಒಂದೂವರೆ ಸೆಂ.ಮೀ. ಮಣ್ಣು 25 ಡಿಗ್ರಿಗಿಂತ ಬೆಚ್ಚಗಿದ್ದರೆ ಮೂರರಿಂದ ಐದು ದಿನದಲ್ಲಿ ಮೊಳಕೆ. ಡಿಸೆಂಬರ್, ಜನವರಿಯ ತಣ್ಣನೆಯ ರಾತ್ರಿಗಳಲ್ಲಿ ದುಬಾರಿ ಬೀಜ ಬಿತ್ತಬೇಡಿ. ಸಸಿ ಟ್ರೇಗೆ ಕೋಕೋಪೀಟ್ ಮತ್ತು ದಪ್ಪ ಮರಳು ಸಮಪಾಲು ಸಾಕು, ಗೊಬ್ಬರ ಬೇಡ.

ಮುಂದಿನದು ಕೈತೋಟದವರ ಅಭ್ಯಾಸಕ್ಕೆ ಪೂರ್ತಿ ಉಲ್ಟಾ. ಮಾಮೂಲಿಯಾಗಿ ನಾವು ಸೊರಗಿದ ಸಸಿ ಕಿತ್ತು ದಷ್ಟಪುಷ್ಟವಾದದ್ದನ್ನು ಉಳಿಸುತ್ತೇವೆ. ಇಲ್ಲಿ ಹಾಗೆ ಮಾಡಿದರೆ ದುಡ್ಡು ಕೊಟ್ಟು ತಂದದ್ದನ್ನೇ ಕಿತ್ತೆಸೆದಂತೆ. ದೆಮೊನೊ ತಡವಾಗಿ ಮೊಳೆಯುತ್ತದೆ, ಸಣ್ಣಗಿರುತ್ತದೆ, ಬೀಜದಳ ಸೊಟ್ಟಗಿರುತ್ತದೆ. ಯಾನಾಗಿಯ ಬೀಜದಳ ಕಿರಿದು, ಷಿಷಿಯದ್ದು ಮುರುಟು. ಮೊಳೆತ ವಾರದೊಳಗೆ ಗುರುತು ಹಿಡಿಯಬಹುದು. ಕಾಂಡದ ಬಣ್ಣವೂ ಸುಳಿವು: ಬುಡ ಕೆಂಪು ಅಥವಾ ನೇರಳೆ ಇದ್ದರೆ ಬಣ್ಣದ ಹೂ, ಅಚ್ಚ ಹಸಿರಿದ್ದರೆ ಹೆಚ್ಚಾಗಿ ಬಿಳಿ. ಬೋತಾನ್ ಮಾತ್ರ ಸಸಿಯಲ್ಲಿ ಸುಳಿವು ಕೊಡುವುದಿಲ್ಲ. ಮೊಗ್ಗು ಬಂದು, ಅದು ಗಿಡ್ಡವಾಗಿ ದಪ್ಪಗಿದೆಯೇ ಎಂದು ನೋಡುವವರೆಗೆ ಎಲ್ಲ ಗಿಡಕ್ಕೂ ಜಾಗ ಕೊಡಬೇಕು. ಎರಡು ಗುಣದ ಪೊಟ್ಟಣ ಕೊಳ್ಳುವಾಗ ಬಾಲ್ಕನಿಯ ಅಳತೆಯನ್ನೂ ಲೆಕ್ಕಕ್ಕೆ ಸೇರಿಸಿ.

ಸಾದಾ ಗಿಡಗಳನ್ನೂ ಎಸೆಯಬೇಡಿ. ಮುಂದಿನ ಬೆಳೆ ಇರುವುದು ಅವುಗಳಲ್ಲಿ. ಕನಿಷ್ಠ ನಾಲ್ಕು ಸಾದಾ ಗಿಡ ಉಳಿಸಿದರೆ, ನಾಲ್ಕೂ ಖಾಲಿಯಾಗಿರುವ ಸಂಭವ 81ರಲ್ಲಿ 1 ಮಾತ್ರ. ಒಂದೊಂದು ಗಿಡದ ಬೀಜಕ್ಕೂ ಬೇರೆ ಲಕೋಟೆ, ಮೇಲೆ ಗಿಡದ ಸಂಖ್ಯೆ. ಮುಂದಿನ ಸಲ ಪ್ರತಿ ಲಕೋಟೆಯಿಂದ 11 ಸಸಿ ಎಬ್ಬಿಸಿ. ದೆಮೊನೊ ಬಂದ ಲಕೋಟೆಯೇ ಒಯಾಕಿ. ಎರಡು ಗುಣದ ಸಾಲಿನಲ್ಲಿ ಒಂದು ಅಡ್ಡದಾರಿಯೂ ಉಂಟು. ಬೋತಾನ್ ಅಲ್ಲದ ಷಿಷಿ ಗಿಡ ಬೀಜ ಕಟ್ಟುವ ಸೌಮ್ಯ ಬಗೆಯದಾದರೆ ಅದರಿಂದಲೇ ಬೀಜ ತೆಗೆಯಿರಿ. ಅಂಥ ಗಿಡಗಳಲ್ಲಿ ಮೂರಕ್ಕೆ ಎರಡು ಬೋತಾನ್ ಹೊತ್ತಿರುತ್ತವೆ. ಹೊತ್ತದ್ದು ಸಿಕ್ಕರೆ ಮುಂದಿನ ತಲೆಮಾರಿನಲ್ಲಿ 16ಕ್ಕೆ 1 ಇದ್ದದ್ದು 4ಕ್ಕೆ 1 ಆಗುತ್ತದೆ. ಈ ಒಂದು ಹೆಜ್ಜೆ ಪೊಟ್ಟಣದ ಬೆಲೆಯನ್ನು ಪೂರ್ತಿ ತೀರಿಸಿಬಿಡುತ್ತದೆ.

ಕರ್ನಾಟಕದಲ್ಲಿ ಬೆಳೆಯುವವರಿಗೆ ಪೊಟ್ಟಣದ ಹಿಂದಿನ ಸೂಚನೆ ಅಷ್ಟಾಗಿ ಒಗ್ಗದು. ಇದು ಕತ್ತಲು ಎಣಿಸುವ ಗಿಡ. ರಾತ್ರಿ ಸುಮಾರು 9-10 ಗಂಟೆ ದಾಟಿದರೆ ಮೊಗ್ಗು ಕಟ್ಟಲು ತೊಡಗುತ್ತದೆ, ಬೀಜದಳದ ವಯಸ್ಸಿನಲ್ಲೂ. ಜಪಾನಿನಲ್ಲಿ ಮೇ ತಿಂಗಳು ಬಿತ್ತಿದ ಗಿಡಕ್ಕೆ ಬೇಸಿಗೆಯ ಚಿಕ್ಕ ರಾತ್ರಿಗಳು, ಹಾಗಾಗಿ ಮೊದಲು ಬೆಳೆದು ಆಮೇಲೆ ಹೂ. ಬೆಂಗಳೂರಿನಲ್ಲಿ ವರ್ಷದ ಯಾವ ರಾತ್ರಿಯೂ 11 ಗಂಟೆಗಿಂತ ಕಡಿಮೆ ಇಲ್ಲ. ಎರಡು ಗೇಣು ಬೆಳೆಯುವಷ್ಟರಲ್ಲೇ ಮೊಗ್ಗು, ಹೂವೂ ಚಿಕ್ಕದು. ಪರಿಹಾರ ಸುಲಭ: ಸಸಿಗೆ ಆರೇಳು ಎಲೆ ಬರುವವರೆಗೆ ಒಂದು ಸಣ್ಣ ಎಲ್‌ಇಡಿ ಬಲ್ಬು ರಾತ್ರಿ ಹನ್ನೊಂದರವರೆಗೆ ಉರಿಯಲಿ, ಆಮೇಲೆ ಆರಿಸಿ. ತಳಿ ಮಾಡುವವರಿಗಂತೂ ಇದು ತೊಂದರೆಯಲ್ಲ, ವರ. ಬಲ್ಬು ಬೇಡ, ಆರಿಂಚಿನ ಕುಂಡ ಸಾಕು. ಬಿತ್ತಿದ ಐದಾರು ವಾರಕ್ಕೆ ಹೂ, ಇನ್ನೊಂದು ತಿಂಗಳು ಚಿಲ್ಲರೆಗೆ ಒಣಬೀಜ. ಜಪಾನಿನ ಅಂಗಳದಲ್ಲಿ ವರ್ಷಕ್ಕೆ ಒಂದು ತಲೆಮಾರು, ಇಲ್ಲಿ ಮೂರು. ಇದೇ ಗುಣದ ಇನ್ನೊಂದು ಮುಖ: ಗಿಡ ಸೊಂಪಾಗಿದೆ, ಎಲೆ ಎಲೆ ಎಲೆ, ಹೂವೇ ಇಲ್ಲ ಅಂದರೆ ರಾತ್ರಿ ಎದ್ದು ಬಾಲ್ಕನಿ ನೋಡಿ. ಬೀದಿದೀಪ ಗಿಡದ ಮೇಲೆ ಬೀಳುತ್ತಿರುತ್ತದೆ. ಅದೂ ಅಲ್ಲವಾದರೆ ಸಾರಜನಕ ಹೆಚ್ಚಾಗಿದೆ.

ಕುಂಡದ ಮಣ್ಣು ಮತ್ತು ಗೊಬ್ಬರ: ಕೆಂಪು ಮಣ್ಣು ಎರಡು ಪಾಲು, ಕೋಕೋಪೀಟ್ ಒಂದು, ಎರೆಗೊಬ್ಬರ ಒಂದು, ಮರಳು ಅರ್ಧ. ಹತ್ತು ದಿನಕ್ಕೊಮ್ಮೆ ನೀರಲ್ಲಿ ಕರಗುವ 19:19:19 ಗೊಬ್ಬರ (ಅಂಕಿಗಳು ಸಾರಜನಕ, ರಂಜಕ, ಪೊಟ್ಯಾಷ್‌ನ ಪಾಲು) ಲೀಟರಿಗೆ ಒಂದು ಗ್ರಾಂ, ಮೊಗ್ಗು ಕಂಡ ಮೇಲೆ 13:0:45 ಅಷ್ಟೇ ಪ್ರಮಾಣದಲ್ಲಿ. ಬೇಸಿಗೆಯಲ್ಲಿ ಎಲೆ ಬೂದಿಬೂದಿಯಾದರೆ ಕೆಂಪು ಜೇಡನುಸಿ. ಎಲೆಯ ಅಡಿಗೆ ನೀರು ಚಿಮ್ಮಿಸಿ, ಬೇವಿನೆಣ್ಣೆ ಐದು ಮಿ.ಲೀ. ಒಂದು ಲೀಟರಿಗೆ, ಚೂರು ಸಾಬೂನು. ಎಲೆಯಡಿ ಸುಣ್ಣದ ಬೊಟ್ಟಿನಂಥ ಗುಳ್ಳೆ ಎದ್ದರೆ ಬಿಳಿ ತುಕ್ಕು ರೋಗ, ಆ ಎಲೆ ಕಿತ್ತು ಸುಡಿ. ಎಲೆ ಮುರುಟಿದ್ದು ರೋಗವೋ ಷಿಷಿಯೋ ಎಂಬ ಗೊಂದಲ ಎಲ್ಲರಿಗೂ ಬರುತ್ತದೆ: ಷಿಷಿಯಾದರೆ ಬೀಜದಳದಿಂದಲೇ ಮುರುಟು, ಚೆನ್ನಾಗಿದ್ದ ಗಿಡ ನಡುವೆ ಮುರುಟಿದರೆ ಬಿಳಿನೊಣ ತಂದ ವೈರಸ್ಸು. ಬಳ್ಳಿಯನ್ನು ಕೋಲಿಗೆ ಹಬ್ಬಿಸುವಾಗ ಮೇಲಿನಿಂದ ನೋಡಿದಂತೆ ಅಪ್ರದಕ್ಷಿಣೆಯಾಗಿ ಸುತ್ತಿ. ತಿರುಗಾ ಸುತ್ತಿದರೆ ರಾತ್ರೋರಾತ್ರಿ ಬಿಚ್ಚಿಕೊಂಡು ನೆಲಕ್ಕೆ ಬೀಳುತ್ತದೆ.

ಬೇರೆ ಬೇರೆ ಪೊಟ್ಟಣದ ಎರಡು ಸಾಲು ಬೆರೆಸಬೇಕೆಂದರೆ ಕೆಲಸ ಹಿಂದಿನ ಸಂಜೆಯದು. ಹೂ ಅರಳುವುದು ಕತ್ತಲಾದ ಸುಮಾರು ಹತ್ತು ಗಂಟೆಗೆ, ಅಂದರೆ ಬೆಳಗಿನ ಜಾವ. ಕೇಸರಗಳು ಅಷ್ಟರಲ್ಲೇ ಉದ್ದವಾಗಿ ಪರಾಗ ಸವರಿ ಮುಗಿಸಿರುತ್ತವೆ. ಆದ್ದರಿಂದ ನಾಳೆ ಅರಳುವ ಮೊಗ್ಗು, ಬಣ್ಣ ತೋರಿಸಿ ತಿರುಚಿಕೊಂಡು ಉಬ್ಬಿದ್ದು, ಸಂಜೆ ಐದರ ಹೊತ್ತಿಗೆ ಹಿಡಿಯಿರಿ. ಬ್ಲೇಡಿನಿಂದ ಒಂದು ಪಕ್ಕ ಉದ್ದಕ್ಕೆ ಸೀಳಿ, ಚಿಮುಟದಿಂದ ಐದೂ ಕೇಸರ ಕೀಳಿ. ನಾಲ್ಕು ಕಿತ್ತು ಐದನೆಯದನ್ನು ಮರೆಯುವುದು ಸಾಮಾನ್ಯ ತಪ್ಪು, ಎಣಿಸಿಯೇ ಮುಂದೆ ಹೋಗಿ. ಒಂದು ತುದಿ ಮಡಚಿದ ಜ್ಯೂಸಿನ ಸ್ಟ್ರಾ ಶಲಾಕೆಗೆ ತೊಡಿಸಿ. ಬೆಳಿಗ್ಗೆ ಎಂಟರೊಳಗೆ ಸ್ಟ್ರಾ ತೆಗೆದು ಇನ್ನೊಂದು ಸಾಲಿನ ಹೂವಿನ ಪರಾಗ ಸವರಿ ಮತ್ತೆ ತೊಡಿಸಿ, ದಿನಾಂಕದ ಚೀಟಿ ಕಟ್ಟಿ. ಆರು ಬೀಜದ ಕಾಯಿ ಕಂದಾಗಿ ಒಣಗಲು 30ರಿಂದ 40 ದಿನ. ಮೊದಲ ತಲೆಮಾರು ಪೂರ್ತಿ ಸಾದಾ ಬರುತ್ತದೆ. ಅದನ್ನು ಕಂಡು ಬೇಸರಪಟ್ಟು ಕಿತ್ತವರೇ ಹೆಚ್ಚು. ಅವುಗಳ ಬೀಜ ಬಿತ್ತಿದಾಗಲೇ ವಿಚಿತ್ರಗಳು ಹೊರಬೀಳುವುದು.

ಚುಕ್ಕೆ, ಬರೆ ಇರುವ ಹೂವಿನ ಪೊಟ್ಟಣಕ್ಕೆ ಬೇರೆ ಎಚ್ಚರಿಕೆ. ಅಲ್ಲಿ ಜಿಗಿಯುವ ಜೀನ್ ಇನ್ನೂ ಜಿಗಿಯುತ್ತಲೇ ಇದೆ. ಒಂದು ಕೊಂಬೆ ಪೂರ್ತಿ ಬಣ್ಣದ ಹೂ ಬಿಟ್ಟರೆ ಅದರ ಬೀಜದಲ್ಲಿ ನಾಲ್ಕಕ್ಕೆ ಮೂರು ಬರೀ ಬಣ್ಣದವು. ಬರೆಯ ಹೂ ಬೇಕಾದರೆ ಬರೆ ಇರುವ ಹೂವಿಗೇ ದಾರ ಕಟ್ಟಿ ಬೀಜ ತೆಗೆಯಿರಿ.

ತರಿಸುವ ವಿಷಯ. ಹೊರದೇಶದಿಂದ ಬಿತ್ತನೆ ಬೀಜ ಬರಬೇಕಾದರೆ 2003ರ ಸಸ್ಯ ಕ್ವಾರಂಟೈನ್ ಆದೇಶ ಅನ್ವಯಿಸುತ್ತದೆ: ಆ ದೇಶದ ಸಸ್ಯ ಆರೋಗ್ಯ ಪ್ರಮಾಣಪತ್ರ, ಇಲ್ಲಿನ ಆಮದು ಪರವಾನಗಿ. ಲಕೋಟೆಯಲ್ಲಿ 'ಮಣಿಗಳು' ಎಂದು ಬರೆದು ಕಳಿಸುವ ಮಾರಾಟಗಾರರಿದ್ದಾರೆ, ಅಂಥವರಿಂದ ಬೇಡ. ಇಲ್ಲೇ ಬೆಳೆದು ಇಲ್ಲೇ ಬೀಜ ತೆಗೆದವರಿಂದ ಕೊಳ್ಳುವುದು ಎಲ್ಲ ರೀತಿಯಲ್ಲೂ ಲೇಸು. ಮಕ್ಕಳ ಕೈಗೆ ಬೀಜ ಸಿಗದಂತೆ ಇಡಿ, ಕೃಷ್ಣಬೀಜದ ಭೇದಿ ಸಾಮಾನ್ಯದ್ದಲ್ಲ.

ಟೋಕಿಯೊ ಕಡೆ ಇರುವ ಕನ್ನಡಿಗರು ಜುಲೈ 6, 7, 8ರಂದು ಇರಿಯಾದ ಅಸಗಾವೊ ಸಂತೆಗೆ ಹೋಗಬಹುದು. ಒಂದೇ ಕುಂಡದಲ್ಲಿ ಮೂರು ನಾಲ್ಕು ಬಣ್ಣದ ಗಿಡ ನೆಟ್ಟು, ಮೂರು ಕೋಲಿಗೆ ಬಳೆಗಳಂತೆ ಸುತ್ತು ಕಟ್ಟಿ ಹಬ್ಬಿಸಿದ ಕುಂಡಗಳು ಬೀದಿಯುದ್ದಕ್ಕೂ. ಆದರೆ ಹೆಂಕಾ ಹುಡುಕಿಕೊಂಡು ಹೋದವರಿಗೆ ಅಲ್ಲಿ ಅಷ್ಟಾಗಿ ಸಿಗದು, ಹೆಚ್ಚಿನವು ದೊಡ್ಡ ಹೂವಿನ ಮಾಮೂಲಿ ತಳಿಗಳು. ಷಿಷಿ, ಯಾನಾಗಿ, ಬೋತಾನ್ ಕಣ್ಣಾರೆ ನೋಡಬೇಕಾದರೆ ಚಿಬಾದ ಸಕುರಾ ಊರಿನಲ್ಲಿ ರಾಷ್ಟ್ರೀಯ ಇತಿಹಾಸ ವಸ್ತುಸಂಗ್ರಹಾಲಯದ ಸಸ್ಯೋದ್ಯಾನಕ್ಕೆ ಬೇಸಿಗೆಯ ಪ್ರದರ್ಶನದ ಹೊತ್ತಿಗೆ ಹೋಗಿ. ಎರಡೂ ಕಡೆ ಬೆಳಿಗ್ಗೆ ಎಷ್ಟು ಬೇಗವೋ ಅಷ್ಟು ಒಳ್ಳೆಯದು. ಹತ್ತು ಗಂಟೆ ದಾಟಿ ಹೋದವರಿಗೆ ಕಾಣುವುದು ಒದ್ದೆ ಕಾಗದದಂತೆ ಮುದುಡಿದ ಎಸಳು.